ಊರ ಕಲಾವಿದರಿಗೊಂದು ಸಂಘ



ಈ ಸಂಚಿಕೆಯ ಪಾಠ ಗೊಬ್ಬರದ ವಿಷಯವಲ್ಲ, ಬೀಜೋಪಚಾರದ ವಿಷಯವೂ ಅಲ್ಲ. ಊರಿನ ತಮಟೆ, ಸೋಬಾನೆ, ತತ್ವಪದ, ಕೋಲಾಟಗಳ ವಿಷಯ. ಯುವಕ ಮಂಡಲದಲ್ಲಿಯೂ ಮಹಿಳಾ ಮಂಡಲದಲ್ಲಿಯೂ ಒಬ್ಬರು ಇದನ್ನು ಗಟ್ಟಿಯಾಗಿ ಓದಬೇಕು. ಉಳಿದವರು ಕೇಳಿ, ಕೊನೆಯಲ್ಲಿ ಕೊಟ್ಟಿರುವ ಪ್ರಶ್ನೆಗಳನ್ನು ಕುರಿತು ಚರ್ಚಿಸಬೇಕೆಂದು ಕೋರುತ್ತೇನೆ. "ಹೊಟ್ಟೆಗೆ ಹಿಟ್ಟಿನ ಮಾತು ಬಿಟ್ಟು ಹಾಡಿನ ಮಾತೇಕೆ?" ಎಂದು ಕೇಳುವವರಿರಬಹುದು. ಹಾಡುವವನಿಗೂ ಹೊಟ್ಟೆ ಇದೆ. ಆ ಹೊಟ್ಟೆಯ ಮಾತನ್ನು ಊರು ಈವರೆಗೆ ಸರಿಯಾಗಿ ಆಡಿಲ್ಲ. ಈ ಪಾಠಕ್ಕೆ ಅದೇ ಕಾರಣ.

ಇಂದಿರಾನಗರದಿಂದ ಕಲಿಯತಕ್ಕದ್ದು

ಕೃಷ್ಣರಾಜಪುರದಲ್ಲಿ ಮೆಟ್ರೊ ರೈಲು ಹತ್ತಿದರೆ ಬೈಯಪ್ಪನಹಳ್ಳಿ ದಾಟಿ ಸ್ವಲ್ಪ ಹೊತ್ತಿಗೆಲ್ಲ ಇಂದಿರಾನಗರ ಬರುತ್ತದೆ. 2023ರ ಅಕ್ಟೋಬರಿನಿಂದ ಈ ಸೌಕರ್ಯ ನಮಗಾಗಿದೆ. ಇಂದಿರಾನಗರವೆಂದರೆ ನೂರಡಿ ರಸ್ತೆ, ದೊಡ್ಡ ದೊಡ್ಡ ಅಂಗಡಿ, ಹೋಟೆಲು ಇವೇ ಇಂದಿನವರ ಕಣ್ಣಿಗೆ ಕಟ್ಟುತ್ತವೆ. ಆದರೆ ಅರುವತ್ತು ವರ್ಷದ ಹಿಂದೆ ಅಲ್ಲಿ ಈ ನಗರವಿರಲಿಲ್ಲ. ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿ, ತಿಪ್ಪಸಂದ್ರ, ದೊಮ್ಮಲೂರು ಇವೆಲ್ಲ ನಮ್ಮ ಊರುಗಳಂತೆಯೇ ಹೊಲ, ತೋಟಗಳಿದ್ದ ಊರುಗಳು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯ ಚೋಳರ ಕಾಲದ್ದು. ಅಷ್ಟು ಹಳೆಯ ನೆಲ ಅದು.

ಬಡಾವಣೆ ಬಂದಾಗ ಆ ಊರುಗಳ ಹೊಲವನ್ನು ಅಳೆದರು, ಮರಗಳನ್ನು ಎಣಿಸಿದರು, ಬಾವಿಗೆ ಬೆಲೆ ಕಟ್ಟಿದರು. ಊರದೇವತೆಯ ಹಬ್ಬದಲ್ಲಿ ತಮಟೆ ಬಾರಿಸುವವರು ಯಾರು, ಮದುವೆಯ ಚಪ್ಪರದಲ್ಲಿ ಸೋಬಾನೆ ಹೇಳುವ ಮುತ್ತೈದೆ ಯಾರು, ಭಜನೆಯಲ್ಲಿ ಮುಂದೆ ಕುಳಿತು ಪದ ಎತ್ತುವವರು ಯಾರು ಎಂಬುದನ್ನು ಬರೆದುಕೊಳ್ಳಲು ಯಾವ ಖಾತೆಯೂ ಇರಲಿಲ್ಲ. ಇಂದು ಬಿದರಹಳ್ಳಿ, ವರ್ತೂರು ಹೋಬಳಿಗಳ ಕಡೆಗೆ ಅದೇ ನಗರ ಬಂದು ನಿಂತಿದೆ. ನಮ್ಮ ಪಟ್ಟಿಯಲ್ಲಾದರೂ ಕಲಾವಿದರ ಹೆಸರು ಇರಬೇಡವೇ?

ಇಂದಿರಾನಗರದಲ್ಲಿ ನಾವು ನೋಡಿ ಕಲಿಯತಕ್ಕ ಇನ್ನೊಂದು ವಿಷಯವಿದೆ. ಅಲ್ಲಿ ಶಾಸ್ತ್ರೀಯ ಸಂಗೀತಕ್ಕಾಗಿ ಇಂದಿರಾನಗರ ಸಂಗೀತ ಸಭಾ ಇದೆ, ಪುರಂದರ ಭವನವಿದೆ. ಬೆಂಗಳೂರಿನಲ್ಲಿ ಇಂತಹ ಸಭೆಗಳ ಪರಂಪರೆ ಹಳೆಯದು. ಬೆಂಗಳೂರು ಗಾಯನ ಸಮಾಜ 1905ರಲ್ಲಿ ಹುಟ್ಟಿತು. ರಾಮನವಮಿ ಕಛೇರಿಗಳಿಗೆ ಹೆಸರಾದ ಶ್ರೀರಾಮ ಸೇವಾ ಮಂಡಳಿ 1939ರಲ್ಲಿ ಆರಂಭವಾಯಿತು. ರಾಜಾಶ್ರಯ ತಪ್ಪಿಹೋದ ಮೇಲೂ ವಿದ್ವಾಂಸರು ಬಾಳಿದ್ದಕ್ಕೆ ಇಂತಹ ಸಭೆಗಳೂ ಕಾರಣ. ಕೇಳುವವರೇ ಸೇರಿ ಚಂದಾ ಹಾಕಿ, ದಿನ ಗೊತ್ತುಮಾಡಿ, ಕಲಾವಿದರನ್ನು ಕರೆದು, ಸಂಭಾವನೆ ಕೊಟ್ಟು ಕಳುಹಿಸುವ ಏರ್ಪಾಡು ಅದು.

ಹಳ್ಳಿಯ ಸಂಗೀತಕ್ಕೆ ಆಶ್ರಯವಾಗಿದ್ದುದು ಊರೇ. ಸುಗ್ಗಿಯಲ್ಲಿ ಕಣದ ಬಳಿ ಇಷ್ಟು ರಾಗಿ, ಹಬ್ಬಕ್ಕೆ ಇಷ್ಟು ಅಕ್ಕಿ, ಮದುವೆಗೆ ಒಂದು ಸೀರೆ ಇಲ್ಲವೇ ಪಂಚೆ ಎಂಬ ವಾಡಿಕೆ ಇತ್ತು. ಕಣಗಳು ಹೋದುವು, ವಾಡಿಕೆಯೂ ಹೋಯಿತು. ಅದರ ಸ್ಥಾನದಲ್ಲಿ ಮಾತ್ರ ಯಾವ ಸಭೆಯೂ ಹುಟ್ಟಲಿಲ್ಲ. ನಮ್ಮ ಊರ ಸಂಗೀತ ಸೊರಗಲು ಇದೇ ಮೊದಲ ಕಾರಣವೆಂದು ತಿಳಿಯಬೇಕು.

ನಮ್ಮ ಸೀಮೆಯಲ್ಲಿ ಏನೇನಿದೆ?

ಮೊದಲು ಇರುವುದನ್ನು ಲೆಕ್ಕ ಹಾಕೋಣ. ಬೆಂಗಳೂರಿನ ಪೂರ್ವಕ್ಕೆ ಹೊಸಕೋಟೆ, ಕೋಲಾರ, ಚಿಂತಾಮಣಿಯವರೆಗಿನ ಸೀಮೆಯಲ್ಲಿ ತಮಟೆ ಮುಖ್ಯವಾದ ವಾದ್ಯ. ಬಳೆಗೆ ಚರ್ಮ ಬಿಗಿದು, ಬಾರಿಸುವ ಮುನ್ನ ಹುಲ್ಲಿನ ಉರಿಗೆ ಹಿಡಿದು ಕಾಯಿಸಿ, ಒಂದು ದಪ್ಪ ಕೋಲು ಮತ್ತೊಂದು ತೆಳುವಾದ ಕೋಲಿನಿಂದ ಬಾರಿಸುತ್ತಾರೆ. ಚರ್ಮಕ್ಕೆ ತಂಪು ಹತ್ತಿದರೆ ನಾದ ಕುಗ್ಗುತ್ತದೆ, ಕಾವು ಹೆಚ್ಚಾದರೆ ಚರ್ಮ ಸೀಳುತ್ತದೆ. ಎಷ್ಟು ಕಾವು ಸಾಕೆಂಬುದು ಕೈಗೆ ತಿಳಿಯಬೇಕು. ದೇವರ ಮೆರವಣಿಗೆಗೆ ಒಂದು ಗತ್ತು, ಕುಣಿತಕ್ಕೆ ಇನ್ನೊಂದು ಗತ್ತು, ಸಾವಿಗೆ ಬೇರೊಂದು ಗತ್ತು. ಇದೆಲ್ಲ ಪುಸ್ತಕದಲ್ಲಿಲ್ಲದ ವಿದ್ಯೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟದ್ದು ಈ ತಮಟೆಯ ವಿದ್ಯೆಗಾಗಿಯೇ.

ತಮಟೆಯ ಜೊತೆಗೆ ಕರಗ, ಪೂಜಾ ಕುಣಿತ, ಕೀಲು ಕುದುರೆ, ಗಾರುಡಿ ಗೊಂಬೆ ಇವೆ. ಮದುವೆ, ಒಸಗೆಗಳಲ್ಲಿ ಸೋಬಾನೆ ಇದೆ. ಕೋಲಾಟವಿದೆ, ಪಂಡರಿ ಭಜನೆಯಿದೆ. ಕೈವಾರದ ತಾತಯ್ಯ, ಅಂದರೆ ಯೋಗಿ ನಾರೇಯಣ ಯತೀಂದ್ರರು, ಕನ್ನಡ ತೆಲುಗುಗಳೆರಡರಲ್ಲಿಯೂ ರಚಿಸಿದ ಪದಗಳನ್ನು ಹಾಡುವ ಭಜನಾ ಮಂಡಳಿಗಳಿವೆ. ಗುರುಪೂರ್ಣಿಮೆಯ ಕಾಲದಲ್ಲಿ ಕೈವಾರದಲ್ಲಿ ನಡೆಯುವ ಸಂಗೀತೋತ್ಸವಕ್ಕೆ ನಮ್ಮ ಊರುಗಳಿಂದಲೂ ಹೋಗಿಬರುವವರುಂಟು. ಮನೆಯ ಅಜ್ಜಿಯಂದಿರ ನೆನಪಿನಲ್ಲಿ ರಾಗಿ ಬೀಸುವ ಪದ, ನಾಟಿಯ ಪದ, ತೊಟ್ಟಿಲ ಪದಗಳು ಇನ್ನೂ ಇದ್ದಾವು. ಕೇಳುವವರಿಲ್ಲದೆ ಅವರು ಹೇಳುತ್ತಿಲ್ಲ, ಅಷ್ಟೆ.

ಕ್ಷೀಣಿಸಲು ಕಾರಣಗಳು

ಬೆಳೆ ಒಣಗಿದರೆ ನೀರಿನ ಕೊರತೆಯೋ ಬೇರಿನ ರೋಗವೋ ಎಂದು ಮೊದಲು ನೋಡುತ್ತೇವೆ. ಇಲ್ಲಿಯೂ ಹಾಗೆಯೇ ನೋಡಬೇಕು.

ಮೊದಲನೆಯದು, ಕೆಲಸ ಹೋದೊಡನೆ ಕೆಲಸದ ಹಾಡೂ ಹೋಗುತ್ತದೆ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆಗೆ ಸರಿಯಿತು. ಗಿರಣಿ ಬಂದುದು ಒಳ್ಳೆಯದೇ, ಹೆಂಗಸರ ರಟ್ಟೆಗೆ ಬಿಡುವಾಯಿತು. ಆದರೆ ಕಲ್ಲಿನ ಜೊತೆಗೆ ಪದವನ್ನೂ ಮೂಲೆಗೆ ಸರಿಸಬೇಕಾಗಿರಲಿಲ್ಲ.

ಎರಡನೆಯದು, ಧ್ವನಿವರ್ಧಕ. ಹಬ್ಬಕ್ಕೆ ಎತ್ತರದ ಪೆಟ್ಟಿಗೆಗಳನ್ನು ಬಾಡಿಗೆಗೆ ತರಲು ಸಾವಿರಾರು ರೂಪಾಯಿ ಚಂದಾ ಎತ್ತುತ್ತೇವೆ. ಅದೇ ಹಬ್ಬದಲ್ಲಿ ಇಡೀ ರಾತ್ರಿ ಬಾರಿಸಿದವನಿಗೆ ಕೊಡುವಾಗ ಕೈ ಹಿಂದೆಗೆಯುತ್ತೇವೆ.

ಮೂರನೆಯದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ತಮಟೆ ಬಾರಿಸುವುದು ಬಹುಕಾಲ ಬಲಾತ್ಕಾರದ ಚಾಕರಿಯಾಗಿತ್ತು. ಹೊಲೆಯ, ಮಾದಿಗ ಕೇರಿಗಳ ಜನ ಸಾವಿನ ಮನೆಗೂ ಹಬ್ಬಕ್ಕೂ ಡಂಗುರಕ್ಕೂ ಕರೆದಾಗ ಬಂದು ಬಾರಿಸಲೇಬೇಕಿತ್ತು. ಬಾರಿಸಿ ದೂರ ನಿಲ್ಲಬೇಕಿತ್ತು. ಕೊಟ್ಟದ್ದನ್ನು ಸೆರಗೊಡ್ಡಿ ತೆಗೆದುಕೊಳ್ಳಬೇಕಿತ್ತು. ತಮಟೆಯ ಕೈಗೆ ಮೆಚ್ಚುಗೆ ಇತ್ತು, ಆ ಕೈಯವನಿಗೆ ಮರ್ಯಾದೆ ಇರಲಿಲ್ಲ. ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು, 23ನೆಯ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. ತೋಟಿ, ತಳವಾರ ಮೊದಲಾದ ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನು ನಮ್ಮ ರಾಜ್ಯ 1961ರ ಕಾಯಿದೆಯಿಂದ ರದ್ದುಮಾಡಿತು. 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. ಕಾಯಿದೆ ಬಂದರೂ ವಾಡಿಕೆ ತಡವಾಗಿ ಹೋಗುತ್ತದೆ.

ಹೀಗಿರುವಲ್ಲಿ, ಓದಿದ ಹುಡುಗನೊಬ್ಬ "ನಮ್ಮಪ್ಪ ಬಾರಿಸಿದ್ದು ಸಾಕು, ನಾನು ಮುಟ್ಟುವುದಿಲ್ಲ" ಎಂದರೆ ಅದು ಕಲೆಯ ಮೇಲಿನ ಅನಾದರವಲ್ಲ. ಅವಮಾನವನ್ನು ಬೇಡವೆನ್ನುವ ಹಕ್ಕು ಅವನದು. "ಸಂಸ್ಕೃತಿ ಉಳಿಸು" ಎಂದು ಅವನಿಗೆ ಬುದ್ಧಿ ಹೇಳುವ ಮೊದಲು ಊರು ತನ್ನ ನಡತೆಯನ್ನು ತಿದ್ದಿಕೊಳ್ಳಬೇಕು.

ಕೆಲಸ ಮಾಡಿ ತೋರಿಸಿದ ಸಂಸ್ಥೆಗಳು

ಈ ದಾರಿಯಲ್ಲಿ ಹಲವು ವರ್ಷ ದುಡಿದ ಸಂಸ್ಥೆಗಳು ನಮ್ಮ ನಾಡಿನಲ್ಲಿವೆ. ಅವುಗಳಲ್ಲಿ ದೊಡ್ಡದು ಕರ್ನಾಟಕ ಜಾನಪದ ಪರಿಷತ್ತು. ಇದನ್ನು 1979ರಲ್ಲಿ ಕಟ್ಟಿದವರು ಎಚ್.ಎಲ್. ನಾಗೇಗೌಡರು. ಅವರು 1915ರಲ್ಲಿ ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದರು. ಸರ್ಕಾರದ ದೊಡ್ಡ ಹುದ್ದೆಗಳಲ್ಲಿದ್ದೂ ಹಳ್ಳಿಯ ಹಾಡನ್ನು ಮರೆಯಲಿಲ್ಲ. ಊರೂರಿನ ಪದಗಳನ್ನು ಕೂಡಿಹಾಕಿದರು, ಕಲಾವಿದರ ದನಿಯನ್ನು ಮುದ್ರಿಸಿಕೊಂಡರು. ಅವರ ಒಂದು ಸಂಗ್ರಹದ ಹೆಸರು "ಸೋಬಾನೆ ಚಿಕ್ಕಮ್ಮನ ಪದಗಳು". ಹಾಡಿದವಳ ಹೆಸರೇ ಪುಸ್ತಕದ ಹೆಸರಾಯಿತೆಂಬುದನ್ನು ಗಮನಿಸಿ. ಹಾಡನ್ನು ತೆಗೆದುಕೊಂಡು ಹಾಡಿದವರನ್ನು ಮರೆಯುವುದು ಸುಲಭ. ಅವರು ಹಾಗೆ ಮಾಡಲಿಲ್ಲ.

ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ, ರಾಮನಗರದ ಬಳಿ, ಸುಮಾರು 15 ಎಕರೆ ನೆಲದಲ್ಲಿ ಪರಿಷತ್ತು ಕಟ್ಟಿದ ಜಾನಪದ ಲೋಕ 1994ರಲ್ಲಿ ಆರಂಭವಾಯಿತು. ಅಲ್ಲಿಯ ಲೋಕಮಹಲಿನಲ್ಲಿ ವಾದ್ಯ, ವೇಷ, ಗೊಂಬೆಗಳಿವೆ. ಲೋಕಮಾತಾ ಮಂದಿರದಲ್ಲಿ ಬೀಸುವ ಕಲ್ಲು, ಒರಳು, ಒನಕೆ, ಮಡಕೆ, ಕುಡಿಕೆಗಳಿವೆ. ಬಯಲು ರಂಗಮಂದಿರವಿದೆ. ವರ್ಷಕ್ಕೊಮ್ಮೆ ಲೋಕೋತ್ಸವ ನಡೆಸಿ ನಾಡಿನ ಕಲಾವಿದರನ್ನು ಕರೆಸುತ್ತಾರೆ. "ಜಾನಪದ ಜಗತ್ತು" ಎಂಬ ಪತ್ರಿಕೆಯನ್ನೂ ಪರಿಷತ್ತು ಹೊರಡಿಸಿದೆ. ನಾಗೇಗೌಡರು 2005ರಲ್ಲಿ ತೀರಿಕೊಂಡರು. ಅವರ ಕೆಲಸ ನಿಲ್ಲಲಿಲ್ಲ. ಕಟ್ಟಿದವರು ಹೋದ ಮೇಲೂ ನಡೆಯುವುದೇ ಸಂಘದ ಗುಣ.

ನಮಗೆ ಇನ್ನೂ ಹತ್ತಿರದಲ್ಲಿ, ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಎಂಬ ಸಾಂಸ್ಕೃತಿಕ ಕೇಂದ್ರವಿದೆ. ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರೂ ಅವರ ಗೆಳೆಯರೂ ಸೇರಿ ಕಟ್ಟಿದ ಸಂಸ್ಥೆ ಇದು. ಅಲ್ಲಿಯ "ಹುಣ್ಣಿಮೆ ಹಾಡು" ಹೆಸರಾದ ಕಾರ್ಯಕ್ರಮ. ಹುಣ್ಣಿಮೆಯ ರಾತ್ರಿ ಬೆಟ್ಟದ ಮೇಲೆ ಜನ ಕೂಡಿ ಹಾಡು, ನಾಟಕ ನಡೆಸುವುದು. ಇದರಲ್ಲಿ ನಮಗೊಂದು ಸುಲಭದ ಉಪಾಯವಿದೆ. ಹುಣ್ಣಿಮೆಗೆ ಆಹ್ವಾನ ಪತ್ರಿಕೆ ಬೇಕಿಲ್ಲ, ದಿನ ಎಲ್ಲರಿಗೂ ಗೊತ್ತು.

ಸರ್ಕಾರದ ಕಡೆಯಿಂದ ಕರ್ನಾಟಕ ಜಾನಪದ ಅಕಾಡೆಮಿ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವಿದೆ. ಹೊರದೇಶಗಳಲ್ಲಿಯೂ ಈ ವಿಚಾರ ನಡೆದಿದೆ. ಜನರ ನಾಲಗೆಯ ಮೇಲೆ, ಕೈಯಲ್ಲಿ ಉಳಿದಿರುವ ಕಲೆಗಳನ್ನು ಕಾಪಾಡಲು ಯುನೆಸ್ಕೊ ಸಂಸ್ಥೆ 2003ರಲ್ಲಿ ಒಂದು ಒಪ್ಪಂದ ಮಾಡಿತು. 2005ರಲ್ಲಿ ಭಾರತ ಅದನ್ನು ಅಂಗೀಕರಿಸಿತು. ಅಮೆರಿಕದ ನಾರ್ತ್ ಕರೋಲಿನಾ ರಾಜ್ಯದಲ್ಲಿ 1994ರಲ್ಲಿ ಹುಟ್ಟಿದ ಮ್ಯೂಸಿಕ್ ಮೇಕರ್ ಎಂಬ ಧರ್ಮಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಅಲ್ಲಿಯ ಮುದಿ ಬಡ ಹಾಡುಗಾರರಿಗೆ ಔಷಧಿಯ ಖರ್ಚು, ಮನೆಯ ಖರ್ಚುಗಳಿಗೆ ನೆರವಾಗುತ್ತ, ಹಾಡಿಸುವ ವೇದಿಕೆಯನ್ನೂ ಒದಗಿಸಿತು. ಮಾತ್ರೆಗೆ ಕಾಸಿಲ್ಲದವನ ಕೊರಳಿಗೆ ಹಾರ ಹಾಕಿದರೆ ಏನು ಬಂತು ಎಂಬುದನ್ನು ಅವರು ಅರಿತಿದ್ದರು.

ಹಗೇವಿನ ರಾಗಿ, ಬಿತ್ತನೆಯ ರಾಗಿ

ನಾನು ಕೃಷಿ ಡಿಪ್ಲೊಮಾ ಓದಿದವನು. ಆದ್ದರಿಂದ ನನಗೆ ತಿಳಿದ ದೃಷ್ಟಾಂತದಿಂದಲೇ ಹೇಳುತ್ತೇನೆ. ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಬರಗಾಲಕ್ಕೆ ಅದು ಆಧಾರ. ಆದರೆ ಎಷ್ಟೇ ಜೋಪಾನವಾಗಿಟ್ಟರೂ ವರ್ಷ ಕಳೆದಂತೆ ಮೊಳೆಯುವ ಶಕ್ತಿ ಕುಗ್ಗುತ್ತದೆ. ಅದಕ್ಕೇ ಬಿತ್ತನೆಯ ರಾಗಿಯನ್ನು ಬೇರೆ ತೆಗೆದಿಟ್ಟು, ಬಿತ್ತಿ, ಹೊಸ ತೆನೆ ತೆಗೆಯುತ್ತಿದ್ದರು. ಬೀಜಗಳನ್ನು ಶೀತದ ಕೋಣೆಯಲ್ಲಿಡುವ ಇಂದಿನ ದೊಡ್ಡ ಬೀಜ ಭಂಡಾರಗಳು ಕೂಡ ಆಗಾಗ ಮೊಳಕೆ ಪರೀಕ್ಷೆ ಮಾಡಿ, ಶಕ್ತಿ ಕುಗ್ಗಿದ ತಳಿಗಳನ್ನು ಮತ್ತೆ ಹೊಲಕ್ಕೆ ಹಾಕಿ ಹೊಸ ಬೀಜ ಪಡೆಯುತ್ತವೆ.

ಹಾಡಿಗೂ ಇದೇ ನಿಯಮ. ಪುಸ್ತಕದಲ್ಲಿ, ಮುದ್ರಿಕೆಯಲ್ಲಿ, ವಸ್ತು ಸಂಗ್ರಹಾಲಯದಲ್ಲಿ ಇಟ್ಟದ್ದು ಹಗೇವಿನ ರಾಗಿ. ಅದೂ ಬೇಕು. ಆದರೆ ಮಗುವಿನ ಬಾಯಿಗೆ ಬಂದ ಹಾಡೇ ಬಿತ್ತನೆಯ ರಾಗಿ. ಬಿತ್ತಲು ಹೊಲ ಬೇಕು, ಗೊಬ್ಬರ ಬೇಕು, ಒಕ್ಕಲಿಗ ಬೇಕು. ಹಾಡಿಗೆ ಕಲಿಸುವ ಜಾಗ, ಕಲಾವಿದನಿಗೆ ಆದಾಯ, ಕಲಿಯುವ ಮಕ್ಕಳು, ಈ ಮೂರೂ ಬೇಕು.

ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಇದಕ್ಕೆ ನಿದರ್ಶನ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವೇ ಅವರ ನೆನಪಿನಲ್ಲಿತ್ತು. ಅಕ್ಷರ ಕಲಿಯದ ಆ ತಾಯಿಯ ಬಳಿ ಅಕ್ಷರಸ್ಥರು ಹೋಗಿ ಬರೆದುಕೊಂಡರು. ಹೆಂಡಸಾರಾಯಿಯ ವಿರುದ್ಧದ ಹೋರಾಟದಲ್ಲಿಯೂ ಅವರು ಮುಂದೆ ನಿಂತರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಇಂತಹ ಒಬ್ಬರು ಹೋದಾಗ, ಅವರು ಇರುವಾಗ ಕಲಿತವರ ಬಾಯಲ್ಲಿ ಉಳಿದದ್ದಷ್ಟೇ ಮುಂದಕ್ಕೆ ಜೀವಂತವಾಗಿ ನಡೆಯುತ್ತದೆ. ನಿಮ್ಮ ಊರಿನಲ್ಲಿಯೂ ಪ್ರಶಸ್ತಿಯಿಲ್ಲದ ಒಬ್ಬ ಸುಕ್ರಜ್ಜಿ ಇರಬಹುದು. ಅವರ ಮನೆಯ ಬಾಗಿಲಿಗೆ ಈ ವಾರವೇ ಹೋಗಿ.

ಸಂಘ ಕಟ್ಟುವ ಕ್ರಮ

ಹನಿಗೂಡಿದರೆ ಹಳ್ಳ. ಒಂದು ಊರಿನಿಂದ ಆಗದಿದ್ದರೆ ನಾಲ್ಕು ಊರು ಸೇರಿ ಒಂದು ಸಂಘ ಮಾಡಿಕೊಳ್ಳಬಹುದು. ಕ್ರಮ ಹೀಗೆ:

1. ಪಟ್ಟಿ ಮಾಡಿ. ಒಂದು ದಪ್ಪ ನೋಟುಪುಸ್ತಕ ತೆಗೆದುಕೊಂಡು ಕೇರಿ ಕೇರಿಗೂ ಹೋಗಿ. ಕಲಾವಿದರ ಹೆಸರು, ವಯಸ್ಸು, ಕಲೆ, ಯಾರಿಂದ ಕಲಿತರು, ಯಾರಿಗೆ ಕಲಿಸಿದ್ದಾರೆ, ವಾದ್ಯ ಸ್ವಂತದ್ದೇ, ಸುಸ್ಥಿತಿಯಲ್ಲಿದೆಯೇ, ಜೀವನಕ್ಕೆ ಏನು ಮಾಡುತ್ತಾರೆ ಎಂಬುದನ್ನು ಬರೆಯಿರಿ. ಹೆಂಗಸರ ಹೆಸರು ಬಿಟ್ಟುಹೋಗದಂತೆ ಮಹಿಳಾ ಮಂಡಲದವರೇ ಅವರನ್ನು ಕೇಳಲಿ. "ನಮ್ಮದೇನು ಕಲೆ, ಸುಮ್ಮನೆ ಹಾಡಿಕೊಳ್ಳುತ್ತೇವೆ" ಎನ್ನುವವರ ಹೆಸರನ್ನೇ ಮೊದಲು ಬರೆದುಕೊಳ್ಳಿ.

2. ನೋಂದಣಿ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರಲ್ಲಿ ಬಂದದ್ದು. ಅದರಂತೆ ಏಳು ಮಂದಿ ವಯಸ್ಕರಿದ್ದರೆ ಸಂಘವಾಗುತ್ತದೆ. ಅರ್ಜಿಯನ್ನು ಸಹಕಾರ ಇಲಾಖೆಯ ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ ಕೊಡಬೇಕು. ಸಂಘದ ಹಣವನ್ನು ಸದಸ್ಯರು ಲಾಭವೆಂದು ಹಂಚಿಕೊಳ್ಳುವಂತಿಲ್ಲ. ಬಾರಿಸಿದವರಿಗೆ, ಹಾಡಿದವರಿಗೆ ಆ ಕೆಲಸದ ಸಂಭಾವನೆ ಕೊಡುವುದು ಬೇರೆ. ಈ ವ್ಯತ್ಯಾಸವನ್ನು ಉಪನಿಯಮಗಳಲ್ಲಿ ಸ್ಪಷ್ಟವಾಗಿ ಬರೆಸಿ. ಕಾರ್ಯಕಾರಿ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಲಾವಿದರೇ ಇರಲಿ, ಹೆಂಗಸರೂ ಇರಲಿ. ಊರ ದೊಡ್ಡವರು ಅಧ್ಯಕ್ಷರಾಗಿ ಕಲಾವಿದರು ಬಾಗಿಲಲ್ಲಿ ನಿಲ್ಲುವ ಸಂಘವಾದರೆ ಹಳೆಯ ರೋಗವೇ ಹೊಸ ಬೋರ್ಡು ಹಾಕಿಕೊಂಡಂತೆ.

3. ಮರ್ಯಾದೆಯ ನಿಯಮಗಳನ್ನು ಬರೆದು ಗೋಡೆಗೆ ಹಾಕಿ. ಯಾರನ್ನೂ ಜಾತಿಯ ಕಾರಣದಿಂದ ಬಾರಿಸಲು ಒತ್ತಾಯಿಸಕೂಡದು. ಬೇಡವೆಂದವರನ್ನು ಮತ್ತೆ ಕೇಳಕೂಡದು. ವೀಳ್ಯ ಕೊಟ್ಟು ಕರೆಯಬೇಕು. ಎಲ್ಲರ ಪಂಕ್ತಿಯಲ್ಲಿ ಊಟ, ಎಲ್ಲರ ಲೋಟದಲ್ಲಿ ನೀರು. ಸಂಭಾವನೆ ಮೊದಲೇ ಗೊತ್ತಾಗಿರಬೇಕು. ಹೆಂಡ ಕೊಟ್ಟು ಹಣ ಕಡಿಮೆ ಮಾಡಕೂಡದು. ಕಲಿಯುವ ಮನಸ್ಸಿದ್ದರೆ ಯಾವ ಕೇರಿಯ ಹುಡುಗನಿಗೂ ಹುಡುಗಿಗೂ ತಮಟೆ ಕಲಿಸಬೇಕು. ಎಲ್ಲ ಕೇರಿಯ ಮಕ್ಕಳೂ ತಮಟೆ ಹಿಡಿದ ದಿನ ಅದರ ಮೇಲಿನ ಕಳಂಕ ಕಳೆಯಲು ಆರಂಭವಾಗುತ್ತದೆ.

4. ಲೆಕ್ಕ ಬರೆಯಿರಿ. ಉದಾಹರಣೆಗೆ ಎಂಟು ಮಂದಿಯ ತಮಟೆ ತಂಡವನ್ನು ಒಂದು ಮೆರವಣಿಗೆಗೆ 16,000 ರೂಪಾಯಿಗೆ ಕರೆದರೆಂದು ಇಟ್ಟುಕೊಳ್ಳೋಣ. ಹೋಗಿಬರುವ ಖರ್ಚು 2,400 ರೂಪಾಯಿ ಕಳೆದರೆ ಉಳಿದದ್ದು 13,600. ಇದರಲ್ಲಿ ನೂರಕ್ಕೆ ಹತ್ತರಂತೆ 1,360 ರೂಪಾಯಿಯನ್ನು ವಾದ್ಯನಿಧಿಗೆ ಹಾಕಿ. ಉಳಿದ 12,240 ರೂಪಾಯಿ ಎಂಟು ಪಾಲಾದರೆ ತಲೆಗೆ 1,530 ಬರುತ್ತದೆ. ಅಂದು ಕೂಲಿಗೆ ಹೋಗಿದ್ದರೆ ಸಿಗುತ್ತಿದ್ದ ಹಣದೊಡನೆ ಇದನ್ನು ಹೋಲಿಸಿ ನೋಡಿ. ಕೂಲಿಗಿಂತ ಕಡಿಮೆ ಬೀಳುವ ಕರೆಯನ್ನು ಒಪ್ಪಬೇಡಿ. ಚರ್ಮ ಹರಿದಾಗ, ಬಳೆ ಮುರಿದಾಗ ಸಾಲ ಮಾಡದಿರಲು ವಾದ್ಯನಿಧಿ. ಜಮಾಖರ್ಚನ್ನು ಪ್ರತಿ ತಿಂಗಳೂ ಎಲ್ಲರ ಮುಂದೆ ಓದಿ ಹೇಳತಕ್ಕದ್ದು.

5. ವಾರಕ್ಕೊಂದು ಸಂಜೆ ಕಲಿಕೆ. ಶಾಲೆಯ ಅಂಗಳವೋ ಪಂಚಾಯಿತಿಯ ಕಟ್ಟೆಯೋ ಸಾಕು. ಕಲಿಸುವ ಹಿರಿಯರಿಗೆ ಆ ಸಂಜೆಯ ಸಂಭಾವನೆ ಚಂದಾ ಹಣದಿಂದ ಬರಲಿ. ತಿಂಗಳಿಗೊಮ್ಮೆ, ಹುಣ್ಣಿಮೆಯ ದಿನ, ಕಲಿತದ್ದನ್ನು ಊರ ಮುಂದೆ ಹಾಡಿ ತೋರಿಸಲಿ.

6. ದಾಖಲೆ ಮಾಡಿ, ಆದರೆ ಕೇಳಿ ಮಾಡಿ. ಕೈಯಲ್ಲಿರುವ ಮೊಬೈಲು ಫೋನೇ ಸಾಕು. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಫೋನನ್ನು ಹಾಡುವವರ ಎದುರು ಒಂದು ಮೊಳ ದೂರದಲ್ಲಿ ಅಲುಗಾಡದಂತೆ ಇಡಿ. ಮೊದಲು ಹಾಡುವವರೇ ತಮ್ಮ ಹೆಸರು, ಊರು, ಅಂದಿನ ತಾರೀಖು, ಆ ಪದ ಯಾವ ಸಂದರ್ಭದ್ದು, ಯಾರಿಂದ ಕಲಿತದ್ದು ಎಂದು ಹೇಳಲಿ. ಎರಡು ಪ್ರತಿ ಮಾಡಿ, ಒಂದು ಕಲಾವಿದರ ಮನೆಯಲ್ಲಿರಲಿ. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ, ಹಾಡಿದವರಿಗೆ, ಬಾರಿಸಿದವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ. ಯಾರಾದರೂ ಬಂದು ಹಾಡಿಸಿ ಮುದ್ರಿಸಿಕೊಂಡು ಹೋಗುವುದಾದರೆ ಎಲ್ಲಿಗೆ, ಏತಕ್ಕೆ, ಎಷ್ಟು ಕೊಡುತ್ತೀರಿ ಎಂದು ಕೇಳಿ, ಬರಹದಲ್ಲಿ ಪಡೆದುಕೊಳ್ಳಿ. ಓದಲು ಬಾರದವರು ಹೆಬ್ಬೆಟ್ಟು ಒತ್ತುವ ಮುನ್ನ ಸಂಘದವರು ಕಾಗದವನ್ನು ಓದಿ ತಿಳಿಸಬೇಕು.

7. ಸರ್ಕಾರದ ಸೌಲಭ್ಯ ದೊರಕಿಸಿ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಮಾಸಾಶನ ಇದೆ. ಬಾರಿಸುವ ಕೈಗೆ ಅರ್ಜಿ ಬರೆಯುವ ಅಭ್ಯಾಸವಿರುವುದಿಲ್ಲ. ಹಳೆಯ ಆಹ್ವಾನ ಪತ್ರಿಕೆ, ಛಾಯಾಚಿತ್ರ, ಪ್ರಶಸ್ತಿ ಪತ್ರಗಳನ್ನು ಜೋಪಾನ ಮಾಡಿರುವುದಿಲ್ಲ. ಸಂಘದ ಓದಿದ ಹುಡುಗರು ಮಾಡಬೇಕಾದ ಕೆಲಸವೇ ಇದು. ವಯಸ್ಸು, ಮೊತ್ತ, ಕೊಡಬೇಕಾದ ಕಾಗದಪತ್ರಗಳ ಈಗಿನ ನಿಯಮವನ್ನು ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ ಬರೆದುಕೊಂಡು ಬನ್ನಿ.

ಕೆಲವರ ಆಕ್ಷೇಪಣೆಗೆ ಉತ್ತರ

"ಜಾತಿಯ ಕೆಲಸವನ್ನು ಮತ್ತೆ ಅದೇ ಜಾತಿಯವರ ತಲೆಗೆ ಕಟ್ಟುವ ಉಪಾಯವಲ್ಲವೇ ಇದು?" ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ಮೂರನೆಯ ಅಂಶದ ನಿಯಮಗಳನ್ನು ಪಾಲಿಸದ ಸಂಘದ ವಿಷಯದಲ್ಲಿ ಆ ಮಾತು ನಿಜವಾಗುತ್ತದೆ. ಬಿಡುವ ಹಕ್ಕು ಇದ್ದಾಗಲೇ ಹಿಡಿದದ್ದು ಕಲೆ. ಬಿಡುವ ಹಕ್ಕಿಲ್ಲದಿದ್ದರೆ ಅದು ಚಾಕರಿ. ನಮ್ಮ ಸಂಘಕ್ಕೆ ಇದೇ ಒರೆಗಲ್ಲಾಗಲಿ.

"ಹಳೆಯದನ್ನು ಹಿಡಿದುಕೊಂಡು ಮುಂದೆ ಹೋಗುವುದು ಹೇಗೆ?" ಎಂದು ಇನ್ನು ಕೆಲವರು ಕೇಳುತ್ತಾರೆ. ನಾವು ಬಿತ್ತಿದ ಇಂಡಾಫ್ ರಾಗಿಯನ್ನು ನೆನೆಯಿರಿ. ನಮ್ಮ ನಾಡಿನ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಲಕ್ಷ್ಮಣಯ್ಯನವರು ಆ ತಳಿಗಳನ್ನು ತೆಗೆದರು. ಹಳೆಯ ತಳಿ ಜೀವಂತವಾಗಿದ್ದುದರಿಂದಲೇ ಹೊಸ ತಳಿ ಹುಟ್ಟಿತು. ಹಳೆಯ ಗತ್ತು ಕೈಯಲ್ಲಿದ್ದವನೇ ಹೊಸ ಗತ್ತು ಹುಟ್ಟಿಸಬಲ್ಲ.

ನೋಡಿಬರಲು

ಸಾಧ್ಯವಾದರೆ ನಾಲ್ಕೂರಿನವರು ಸೇರಿ ಒಂದು ದಿನ ಜಾನಪದ ಲೋಕಕ್ಕೆ ಪ್ರವಾಸ ಹೋಗಿಬನ್ನಿ. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಅಜ್ಜಿಯಂದಿರನ್ನೂ ಕರೆದುಕೊಂಡು ಹೋಗಿ. ಲೋಕಮಾತಾ ಮಂದಿರದ ಬೀಸುವ ಕಲ್ಲಿನ ಮುಂದೆ ನಿಂತಾಗ ಮರೆತ ಪದ ಅವರ ಬಾಯಿಗೆ ಬಂದರೂ ಬರಬಹುದು. ಬರೆದುಕೊಳ್ಳಲು ನೋಟುಪುಸ್ತಕ ಕೈಯಲ್ಲಿರಲಿ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ಹಾಡುವ, ಬಾರಿಸುವ, ಕುಣಿಯುವ ಎಷ್ಟು ಮಂದಿಯ ಹೆಸರನ್ನು ಈಗಲೇ ಹೇಳಬಲ್ಲಿರಿ? ಅವರಲ್ಲಿ ಅರುವತ್ತು ದಾಟಿದವರೆಷ್ಟು? ಅವರಿಂದ ಕಲಿಯುತ್ತಿರುವವರೆಷ್ಟು?

2. ಕಳೆದ ಊರಹಬ್ಬದಲ್ಲಿ ಧ್ವನಿವರ್ಧಕಕ್ಕೆ ಎಷ್ಟು ಖರ್ಚಾಯಿತು? ಕಲಾವಿದರಿಗೆ ಎಷ್ಟು ಕೊಟ್ಟಿರಿ? ಬರುವ ಹಬ್ಬಕ್ಕೆ ಈ ಲೆಕ್ಕ ಹೇಗಿರಬೇಕು?

3. ತಮಟೆಯವರು ಆ ದಿನ ಎಲ್ಲಿ ಕುಳಿತು ಊಟ ಮಾಡಿದರು?

4. ನಿಮ್ಮ ಊರಿನ ಒಬ್ಬ ಹಿರಿಯ ಕಲಾವಿದರ ಮಾಸಾಶನದ ಅರ್ಜಿಯನ್ನು ಬರೆದುಕೊಡಲು ಯಾರು ಮುಂದೆ ಬರುತ್ತೀರಿ?

ಮೂರನೆಯ ಪ್ರಶ್ನೆಗೆ ಯಾರೂ ತಲೆ ತಗ್ಗಿಸದೆ ಉತ್ತರ ಹೇಳುವಂತಾದ ಊರಿನಲ್ಲಿ ಸಂಘ ತಾನಾಗಿ ಬೆಳೆಯುತ್ತದೆ. ಮೊದಲನೆಯ ಪ್ರಶ್ನೆಯ ಪಟ್ಟಿಯನ್ನು ಈ ತಿಂಗಳೊಳಗೆ ಬರೆದಿಡಿ. ಒಂದು ನೋಟುಪುಸ್ತಕ, ಒಂದು ಪೆನ್ನು, ನಾಲ್ಕು ಸಂಜೆಯ ಓಡಾಟ, ಇಷ್ಟೇ ಇದರ ಖರ್ಚು. ನಗರ ನಮ್ಮ ಊರಿಗೆ ಬರುವ ಮೊದಲು ಆ ಪಟ್ಟಿ ಸಿದ್ಧವಾಗಿರಲಿ.